ಪುಟ್ಟಿ ಮಾಡಿದ ಹತ್ತು ಮುಖದ ಮಾದರಿ ತಪ್ಪಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಹಾಸನದಲ್ಲಿ ಪುಸ್ತಕ ಬೈಂಡಿಂಗ್ ಮಾಡುವವಳು. ಅಪ್ಪ ಇಟ್ಟ ಅಂಗಡಿ. ಅವರು ಹೋದ ಮೇಲೆ ಅಣ್ಣ ಬೇಡ ಅಂದ, ನಾನು ಉಳಿಸಿಕೊಂಡೆ. ಜೂನ್ ಬಂದರೆ ಶಾಲೆ ಪುಸ್ತಕ, ಮಾರ್ಚ್ ಬಂದರೆ ಲೆಕ್ಕದ ಪುಸ್ತಕ, ನಡುವೆ ಆಲೂರು, ಸಕಲೇಶಪುರದ ಕಡೆಯ ಕಾಫಿ ತೋಟಗಳ ಹಾಜರಿ ಪುಸ್ತಕ. ನಿಮ್ಮ ಪತ್ರಿಕೆಯನ್ನು ಚಿಕ್ಕವಳಿದ್ದಾಗಿನಿಂದ ಓದುತ್ತಿದ್ದೇನೆ. ಓದಿ ಮುಗಿದ ಮೇಲೆ ಅದನ್ನೇ ಹಾಸಿಕೊಂಡು ಮೈದಾ ಅಂಟು ಹಚ್ಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪತ್ರ ಬರೆಯುತ್ತಿರುವುದು ಇದೇ ಮೊದಲು.

ಹೋದ ತಿಂಗಳು ನಿಮ್ಮ ಮಕ್ಕಳ ಪುಟದಲ್ಲಿ ಘನಾಕೃತಿಗಳ ಬಗ್ಗೆ ಒಂದು ಪುಟ್ಟ ಬರಹ ಬಂದಿತ್ತು. ಚಿತ್ರಗಳು ಚೆನ್ನಾಗಿದ್ದವು. ಕೊನೆಯಲ್ಲಿ ಒಂದು ಸಾಲು. ಸಮಬಾಹು ತ್ರಿಕೋನಗಳನ್ನು ಮಾತ್ರ ಜೋಡಿಸಿದರೆ ಮೂರೇ ಮೂರು ಆಕೃತಿ ಸಿಗುತ್ತವೆ, ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು ಅಂತ. ಆ ಸಾಲಿನಲ್ಲಿ ಒಂದು ಷರತ್ತು ಬಿಟ್ಟುಹೋಗಿದೆ. ಅಚ್ಚಿನಲ್ಲಿ ಇಂಥದ್ದು ಆಗುತ್ತದೆ ಬಿಡಿ. ನಾನೇ ಒಂದು ಸಲ ಫಾರಂ ಹಿಂದುಮುಂದಾಗಿ ಹೊಲಿದು 32ನೇ ಪುಟ ಆದ ಮೇಲೆ 49ನೇ ಪುಟ ಬರುವ ಹಾಗೆ ಮಾಡಿದ್ದೆ. ಆದರೆ ನಿಮ್ಮ ಆ ಒಂದು ಸಾಲಿನಿಂದ ನಮ್ಮ ಮನೆಯ ಹುಡುಗಿ ಎರಡು ದಿನ ಊಟ ಬಿಟ್ಟಳು. ಅದಕ್ಕೇ ಬರೆಯುತ್ತಿದ್ದೇನೆ.

ಪುಟ್ಟಿ ಅಂದರೆ ಅಣ್ಣನ ಮಗಳು. ಎಂಟನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಅವರಮ್ಮ ಕೆಲಸದಿಂದ ಬರುವ ತನಕ ನನ್ನ ಅಂಗಡಿಯಲ್ಲೇ ಇರುತ್ತಾಳೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಂತ ಬರೀ ತ್ರಿಕೋನದ ಮಾದರಿ ನಾಲ್ಕು ಮಾಡಿದ್ದಳು. ನಿಮ್ಮ ಪತ್ರಿಕೆಯಲ್ಲಿ ಬಂದ ಮೂರು, ಜೊತೆಗೆ ಅವಳೇ ಕಂಡುಕೊಂಡ ಹತ್ತು ಮುಖದ್ದು ಒಂದು. ನೋಡಲು ಬಂದ ಮೇಷ್ಟರು ಮೂರನ್ನು ಹೊಗಳಿದರಂತೆ. ನಾಲ್ಕನೆಯದನ್ನು ಕೈಗೆತ್ತಿಕೊಂಡು, ಇಂಥದ್ದು ಇರೋಕೆ ಸಾಧ್ಯ ಇಲ್ಲ, ಎಲ್ಲೋ ಅಳತೆ ತಪ್ಪಿದೆ, ಪೇಪರಿನಲ್ಲೇ ಬಂದಿದೆಯಲ್ಲಮ್ಮ ಅಂದರಂತೆ. ಚೀಟಿಯ ಮೇಲೆ ಕೆಂಪು ಇಂಕಿನಲ್ಲಿ ಇಂಟು ಮಾರ್ಕು. ಆ ಮೇಷ್ಟರ ಮೇಲೆ ನನಗೆ ಸಿಟ್ಟಿಲ್ಲ. ಅವತ್ತು ಐವತ್ತು ಅರವತ್ತು ಮಾದರಿ ನೋಡಬೇಕಿತ್ತು ಪಾಪ. ಆದರೂ ಕೈಯಲ್ಲಿ ಹಿಡಿದುಕೊಂಡಿರುವ ವಸ್ತುವನ್ನೇ ಇರೋಕೆ ಸಾಧ್ಯ ಇಲ್ಲ ಅಂದರೆ ಮಗು ಏನು ಹೇಳಬೇಕು?

ಅವಳು ಅದನ್ನು ಮಾಡಿದ್ದು ನನ್ನ ಮೇಜಿನ ಮೇಲೆ, ನನ್ನ ಕಣ್ಣೆದುರಿಗೆ. ಉಳಿದ ಲಗ್ನಪತ್ರಿಕೆಗಳ ಗಟ್ಟಿ ಕಾಗದ. ಒಂದು ತ್ರಿಕೋನ ಅಳೆದು ಕತ್ತರಿಸಿ ಅಚ್ಚು ಮಾಡಿಕೊಂಡಳು, ಬದಿ ಏಳು ಸೆಂಟಿಮೀಟರ್. ಅದನ್ನೇ ಇಟ್ಟು ಆರು ತ್ರಿಕೋನಗಳನ್ನು ಒಂದೇ ಬಿಂದುವಿನ ಸುತ್ತ ಬರೆದಳು. ಆರೂ ಸೇರಿದರೆ ರಂಗೋಲಿಯ ಹಾಗೆ ನೆಲಕ್ಕೆ ಅಂಟಿಕೊಂಡು ಮಲಗುತ್ತದೆ. ಒಂದೊಂದರದ್ದು 60 ಡಿಗ್ರಿ, ಆರು ಸೇರಿ 360, ಏಳುವುದಕ್ಕೆ ಜಾಗವೇ ಇಲ್ಲ. ಈಗ ಒಂದನ್ನು ಕತ್ತರಿಸಿ ತೆಗೆದು, ಬಾಯಿ ಬಿಟ್ಟ ಎರಡು ಅಂಚನ್ನು ಎಳೆದು ಸೇರಿಸಿ. ಕಾಗದ ತಾನಾಗಿ ಮೇಲೇಳುತ್ತದೆ, ಐದು ಕಡ್ಡಿಯ ಛತ್ರಿ ಬಿಡಿಸಿದ ಹಾಗೆ. ಅಂಥ ಎರಡು ಛತ್ರಿ ಮಾಡಿ, ಬಾಯಿಗೆ ಬಾಯಿ ಕೂರಿಸಿದಳು. ಹತ್ತು ಮುಖ. ಅಂಟು ಒಣಗುವ ತನಕ ಅಲ್ಲಾಡದೆ ಇರಲಿ ಅಂತ ನಾನೇ ಹೊಲಿಗೆ ದಾರದಲ್ಲಿ ಸುತ್ತಿಕೊಟ್ಟೆ. ಒಂದೇ ಒಂದು ಕೂದಲೆಳೆಯಷ್ಟು ಸಂದು ಇರಲಿಲ್ಲ. ನಲವತ್ತು ವರ್ಷದಿಂದ ರಟ್ಟು ಕತ್ತರಿಸುತ್ತಿದ್ದೇನೆ ಸ್ವಾಮಿ, ಅಳತೆ ತಪ್ಪಿದರೆ ಮೂಲೆ ಹೇಳುತ್ತದೆ. ಈ ಮಾದರಿಯ ಮೂಲೆಗಳು ಒಂದು ಮಾತೂ ಆಡಲಿಲ್ಲ.

ಹಾಗಾದರೆ ಮೂರೇ ಅನ್ನುವ ಮಾತು ಎಲ್ಲಿಂದ ಬಂತು? ಅದೂ ಸುಳ್ಳಲ್ಲ. ಎಲ್ಲ ಮುಖಗಳೂ ಬದಿ, ಕೋನ ಸಮ ಇದ್ದು ಒಂದೇ ಥರ ಇರಬೇಕು, ಮತ್ತು ಪ್ರತಿ ಮೂಲೆಯಲ್ಲೂ ಸೇರುವ ಮುಖಗಳ ಲೆಕ್ಕ ಒಂದೇ ಇರಬೇಕು. ಎಲ್ಲೂ ಒಳಕ್ಕೆ ತಗ್ಗದ ಆಕೃತಿಗಳಲ್ಲಿ ಹೀಗೆ ಎರಡನ್ನೂ ಕೇಳಿದರೆ ಇಡೀ ಪ್ರಪಂಚದಲ್ಲಿ ಐದೇ ಆಕೃತಿ, ಅದರಲ್ಲಿ ತ್ರಿಕೋನದ್ದು ಮೂರು. ಇವನ್ನೇ ಶಾಲೆಯಲ್ಲಿ ನಿಯಮಿತ ಘನ ಅನ್ನುವುದು. ಪುಟ್ಟಿಯದರಲ್ಲಿ ಮೇಲಿನ ತುದಿ, ಕೆಳಗಿನ ತುದಿಯಲ್ಲಿ ಐದೈದು ತ್ರಿಕೋನ ಸೇರುತ್ತವೆ. ಸೊಂಟದ ಸುತ್ತ ಇರುವ ಐದು ಮೂಲೆಗಳಲ್ಲಿ ನಾಲ್ಕು ನಾಲ್ಕು. ಹಾಗಾಗಿ ಅದು ನಿಯಮಿತ ಅಲ್ಲ, ಅಷ್ಟೇ. ನಿಯಮಿತ ಅಲ್ಲ ಅನ್ನುವುದು ಬೇರೆ, ಇಲ್ಲವೇ ಇಲ್ಲ ಅನ್ನುವುದು ಬೇರೆ ಅಲ್ವಾ? ನಿಮ್ಮ ಬರಹದಲ್ಲಿ ಬಿಟ್ಟುಹೋದದ್ದು ಆ ಮೂಲೆಯ ಷರತ್ತು.

ಮೂಲೆಯ ಷರತ್ತು ತೆಗೆದು, ಉಬ್ಬಾಗಿರಬೇಕು ಅಂತ ಮಾತ್ರ ಇಟ್ಟುಕೊಂಡರೆ ತ್ರಿಕೋನದ ಆಕೃತಿ ಎಂಟು. ಉಬ್ಬು ಅಂದರೆ ಎಲ್ಲೂ ಒಳಕ್ಕೆ ತಗ್ಗಿರಬಾರದು. ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಸಕಲೇಶಪುರದ ಮಂಜರಾಬಾದ್ ಕೋಟೆ ನೆನಪು ಮಾಡಿಕೊಳ್ಳಿ. ಟಿಪ್ಪು ಕಟ್ಟಿಸಿದ್ದು, ಮೇಲಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಒಂದು ಚೂಪಿನಿಂದ ಪಕ್ಕದ ಚೂಪಿಗೆ ದಾರ ಎಳೆದರೆ ದಾರ ಗೋಡೆಯ ಹೊರಗೆ ಹೋಗುತ್ತದೆ. ಅದು ಉಬ್ಬಲ್ಲ. ಯಾವ ಎರಡು ಜಾಗಕ್ಕೆ ದಾರ ಎಳೆದರೂ ಒಳಗೇ ಉಳಿದರೆ ಅದು ಉಬ್ಬು. ಈ ನಿಯಮವೂ ಇಲ್ಲದಿದ್ದರೆ ಒಂದರ ಮೇಲೊಂದು ತ್ರಿಕೋನದ ಗೋಪುರ ಅಂಟಿಸುತ್ತಾ ಬೇಲೂರಿನ ತನಕ ಹೋಗಬಹುದು, ಲೆಕ್ಕವೇ ಇರುವುದಿಲ್ಲ.

ಆ ಎಂಟರ ಮುಖಗಳು 4, 6, 8, 10, 12, 14, 16, 20. ಆರರದ್ದು ಸುಲಭ, ನಾಲ್ಕು ಮುಖದ ಎರಡನ್ನು ಬೆನ್ನಿಗೆ ಬೆನ್ನು ಅಂಟಿಸಿದರೆ ಆಯಿತು. ಹದಿನಾಲ್ಕಕ್ಕೆ ತ್ರಿಕೋನ ಮುಚ್ಚಳದ ಪೆಟ್ಟಿಗೆ ಮಾಡಿ, ಅದರ ಮೂರು ಚೌಕ ಗೋಡೆಗೂ ಒಂದೊಂದು ಪಿರಮಿಡ್ ಕೂರಿಸಬೇಕು. ಹನ್ನೆರಡರದ್ದು ಮಾತ್ರ ತಕರಾರಿನದು. ಅದನ್ನು ಹೀಗೆ ತುಂಡು ತುಂಡಾಗಿ ಸೇರಿಸಲು ಆಗುವುದಿಲ್ಲ, ಒಂದೇ ಸಲಕ್ಕೆ ಎಲ್ಲ ಮಡಿಸಿ ಮುಚ್ಚಬೇಕು.

ಈ ಪಟ್ಟಿ ಓದಿದವರಿಗೆ ಒಂದು ಕಣ್ಣಿಗೆ ಬಿದ್ದೇ ಇರುತ್ತದೆ. 18 ಎಲ್ಲಿ? ಪುಟ್ಟಿಯೂ ಅದನ್ನೇ ಕೇಳಿದಳು. ಒಂದು ಭಾನುವಾರ ಮಳೆ. ಗಿರಾಕಿ ಇಲ್ಲ. ಇಬ್ಬರೂ ಕೂತೆವು. ಮೊದಲು ಲೆಕ್ಕ ಮಾಡಿದೆವು. 18 ತ್ರಿಕೋನ ಅಂದರೆ ಅಂಚು 27, ಮೂಲೆ 11. ಮುಖವನ್ನೂ ಮೂಲೆಯನ್ನೂ ಕೂಡಿಸಿದರೆ ಅಂಚಿಗಿಂತ ಎರಡು ಜಾಸ್ತಿ ಬರಬೇಕು ಅನ್ನುವ ಆಯ್ಲರ್ ಸೂತ್ರ ಅವಳಿಗೆ ಬಾಯಿಪಾಠ. 18 ತ್ರಿಕೋನಕ್ಕೆ ಒಟ್ಟು 54 ಚೂಪು. ಒಂದು ಮೂಲೆಯಲ್ಲಿ ಐದಕ್ಕಿಂತ ಜಾಸ್ತಿ ಸೇರುವಂತಿಲ್ಲ, ಆರಾದರೆ ಚಪ್ಪಟೆ. ಹನ್ನೊಂದು ಮೂಲೆಗೂ ಐದೈದು ಕೊಟ್ಟರೆ 55 ಬೇಕು, ನಮ್ಮ ಹತ್ತಿರ ಒಂದು ಕಡಿಮೆ. ಹಾಗಾಗಿ ಒಂದು ಮೂಲೆಗೆ ನಾಲ್ಕು, ಉಳಿದ ಹತ್ತಕ್ಕೂ ಐದು. ಬೇರೆ ದಾರಿಯೇ ಇಲ್ಲ.

ಸರಿ, ಕೈ ಹಾಕಿದೆವು. ನಾಲ್ಕರ ಮೂಲೆ ಮೊದಲು, ಚೌಕ ಬಾಯಿಯ ಪುಟ್ಟ ಟೋಪಿ. ಅದರ ಅಂಚಿನ ನಾಲ್ಕು ಮೂಲೆಗೂ ಐದೈದು ತುಂಬಿಸಬೇಕು. ತುಂಬಿಸಿದರೆ ಸುತ್ತ ಎಂಟು ತ್ರಿಕೋನ ಕೂರುತ್ತವೆ, ಒಂದು ತಲೆ ಮೇಲೆ ಒಂದು ತಲೆ ಕೆಳಗೆ. ಕೆಳಗೆ ಮತ್ತೆ ನಾಲ್ಕು ಮೂಲೆಯ ಬಾಯಿ ತೆರೆದುಕೊಂಡಿತು. ಅಲ್ಲಿ ಒಂದೊಂದು ಮೂಲೆಗೆ ಆಗಲೇ ಮೂರು ತ್ರಿಕೋನ ಬಂದಿವೆ, ಇನ್ನು ಎರಡೇ ಬಾಕಿ. ಒಂದು ಮೂಲೆಗೆ ಎರಡು ಇಟ್ಟರೆ, ಅದರ ಪಕ್ಕದ್ದು ಅದೇ ತುದಿಗೆ ಬಂದು ಸೇರುತ್ತದೆ, ಅದರ ಪಕ್ಕದ್ದೂ ಅಲ್ಲಿಗೇ. ಕೊನೆಗೆ ನಾಲ್ಕೂ ಒಂದೇ ತುದಿಗೆ ಬಂದು ಬಾಯಿ ಮುಚ್ಚಿಕೊಂಡಿತು. ಅಲ್ಲಿ ಇನ್ನೊಂದು ನಾಲ್ಕರ ಮೂಲೆ. ಎಣಿಸಿದರೆ ನಾಲ್ಕು, ಎಂಟು, ನಾಲ್ಕು, ಒಟ್ಟು ಹದಿನಾರು. ಎರಡು ತ್ರಿಕೋನ ಮೇಜಿನ ಮೇಲೆ ಉಳಿದುಬಿಟ್ಟವು. ಮತ್ತೆ ಬಿಚ್ಚಿದಳು, ಮತ್ತೆ ಮಾಡಿದಳು. ಮತ್ತೆ ಎರಡು ಉಳಿದವು. ಮೂರನೇ ಸಲ ಬಿಚ್ಚುವ ಹೊತ್ತಿಗೆ, ಅತ್ತೆ, ಇದು ನಮ್ಮ ತಪ್ಪಲ್ಲ, ಹದಿನೆಂಟೇ ಆಗಲ್ಲ ಅಂದಳು. 1947ರಲ್ಲಿ ಫ್ರಾಯ್ಡೆಂಥಾಲ್ ಮತ್ತು ವಾನ್ ಡರ್ ವೇರ್ಡನ್ ಅನ್ನುವ ಇಬ್ಬರು ಗಣಿತಜ್ಞರು ಈ ಎಂಟನ್ನು ಬಿಟ್ಟು ಒಂಬತ್ತನೆಯದು ಇಲ್ಲ ಅಂತ ಸಾಧಿಸಿ ತೋರಿಸಿದ್ದಾರೆ. ಹದಿನೆಂಟರ ವಿಷಯದಲ್ಲಿ ನಾವು ಅದನ್ನು ಮೈದಾ ಅಂಟಿನಲ್ಲಿ ತೋರಿಸಿದೆವು.

ಬೈಂಡಿಂಗ್ ಹೆಂಗಸಿಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಬಹುದು. ನಾನು ಪಿಯುಸಿ ಸೈನ್ಸ್. ಮುಂದೆ ಓದಲಾಗಲಿಲ್ಲ. ಆದರೆ ಬೈಂಡ್ ಮಾಡಲು ಕೊಟ್ಟದ್ದನ್ನು ಓದುವ ಚಟ ಇದೆ. ಕೆಲವು ವರ್ಷದ ಹಿಂದೆ ಎಂ.ಎಸ್ಸಿ. ಓದುವ ಹುಡುಗಿಯೊಬ್ಬಳು ಪ್ರಾಜೆಕ್ಟ್ ರಿಪೋರ್ಟ್ ತಂದುಕೊಟ್ಟಳು, ಕಪ್ಪು ರೆಕ್ಸಿನ್ನಿನ ಮೇಲೆ ಚಿನ್ನದ ಅಕ್ಷರ ಬೇಕು ಅಂತ. ವಿಷಯ ಜಾನ್ಸನ್ ಘನಗಳು. ಚಿತ್ರ ನೋಡಿ ಬಿಡಲಾಗಲಿಲ್ಲ. ರಾತ್ರಿಯೆಲ್ಲ ಓದಿದೆ. ಅರ್ಥವಾಗದ ಪುಟ ಬಹಳ ಇದ್ದವು, ಅರ್ಥವಾದದ್ದು ಇವತ್ತಿಗೂ ಮರೆತಿಲ್ಲ.

ನಾರ್ಮನ್ ಜಾನ್ಸನ್ ಅಮೆರಿಕದವರು. 1966ರಲ್ಲಿ ಒಂದು ಪಟ್ಟಿ ಹಾಕಿದರು. ಮುಖ ತ್ರಿಕೋನವೇ ಆಗಬೇಕು ಅಂತಿಲ್ಲ. ಚೌಕ, ಐದು ಬದಿ, ಆರು ಬದಿ, ಏನಾದರೂ ಇರಲಿ, ಆದರೆ ಪ್ರತಿ ಮುಖದ ಬದಿಗಳೂ ಕೋನಗಳೂ ಸಮ ಇರಬೇಕು, ಆಕೃತಿ ಉಬ್ಬಾಗಿರಬೇಕು. ಆ ಐದು ನಿಯಮಿತ ಘನ, ಆರ್ಕಿಮಿಡೀಸ್ ಹೆಸರಿನ 13, ಮತ್ತು ಎಷ್ಟು ಬದಿಯದಾದರೂ ಮಾಡಬಹುದಾದ ಪಟ್ಟಕದಂಥ ಎರಡು ಸಾಲು. ಇಷ್ಟನ್ನು ಪಕ್ಕಕ್ಕಿಟ್ಟರೆ ಉಳಿಯುವುದು 92. ಇಷ್ಟೇ ಇರುವುದು ಅಂತ ಜಾನ್ಸನ್ ಊಹೆ ಮಾಡಿದರು. ಆ ದಶಕ ಮುಗಿಯುವುದರೊಳಗೆ ಲೆನಿನ್‌ಗ್ರಾಡಿನ ವಿಕ್ಟರ್ ಜಲ್ಗಾಲರ್ ಆ ಊಹೆ ಸರಿ ಅಂತ ಸಾಧಿಸಿದರು. ತೊಂಬತ್ತಮೂರನೆಯದು ಯಾರ ಕೈಗೂ ಸಿಗುವುದಿಲ್ಲ.

ನನಗೆ ಇಷ್ಟವಾದದ್ದು ಆ ಪಟ್ಟಿಯ ಬಹುಪಾಲು ಆಕೃತಿಗಳು ಹುಟ್ಟುವ ರೀತಿ. ನಮ್ಮ ಕೆಲಸದ ಹಾಗೇ. ಎರಡನ್ನು ಅಂಟಿಸು, ನಡುವೆ ಒಂದು ಪಟ್ಟಿ ಸೇರಿಸಿ ಎತ್ತರ ಮಾಡು, ಮುಚ್ಚಳ ತಿರುಗಿಸಿ ಕೂರಿಸು, ಒಂದು ಮೂಲೆ ಕತ್ತರಿಸಿ ತೆಗೆ. ಬೇಲೂರು ರಸ್ತೆಯಲ್ಲಿ ಹೋಗುವಾಗ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ನೋಡಿ. ಚೌಕ ಗರ್ಭಗುಡಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಪಿರಮಿಡ್ಡಿನಂಥ ಶಿಖರ. ಮೆಟ್ಟಿಲನ್ನೂ ಕೆತ್ತನೆಯನ್ನೂ ಒರೆಸಿ ಹಾಕಿ ಬರೀ ಚೌಕ ಪೆಟ್ಟಿಗೆ, ಅದರ ಮೇಲೆ ಪಿರಮಿಡ್ ಅಂತ ಇಟ್ಟರೆ ಅದು ಜಾನ್ಸನ್ ಪಟ್ಟಿಯ 8ನೇ ನಂಬರು. ಪುಟ್ಟಿ ಮಾಡಿದ ಹತ್ತು ಮುಖದ್ದು 13ನೇ ನಂಬರು. ಕೆಂಪು ಇಂಟು ಮಾರ್ಕು ಬಿದ್ದದ್ದು ಅದಕ್ಕೆ.

37ನೇ ನಂಬರಿನದ್ದು ನನ್ನದೇ ಕಥೆ. ದೀಪಾವಳಿಗೆ ನಾನು ಆಕಾಶಬುಟ್ಟಿ ಮಾಡಿ ಮಾರುತ್ತೇನೆ. ರಟ್ಟಿನ ಚೌಕಟ್ಟು, ಒಳಗಿಂದ ಬಣ್ಣದ ಕಾಗದ, 18 ಚೌಕ ಕೆಂಪು, 8 ತ್ರಿಕೋನ ಹಳದಿ. ನಡುವೆ ಎಂಟು ಚೌಕದ ಪಟ್ಟಿ, ಮೇಲೊಂದು ಮುಚ್ಚಳ, ಕೆಳಗೊಂದು ಮುಚ್ಚಳ. ಒಂದು ವರ್ಷ ಹಬ್ಬದ ಹಿಂದಿನ ರಾತ್ರಿ ಗಡಿಬಿಡಿಯಲ್ಲಿ ಒಂದರ ಮೇಲಿನ ಮುಚ್ಚಳ 45 ಡಿಗ್ರಿ ತಿರುಗಿ ಕೂತುಬಿಟ್ಟಿತು. ಎಲ್ಲ ಅಂಚೂ ಸರಿಯಾಗಿ ಕೂಡಿದ್ದರಿಂದ ನನಗೆ ಗೊತ್ತೇ ಆಗಲಿಲ್ಲ. ಚೌಕ ಅಷ್ಟೇ, ತ್ರಿಕೋನ ಅಷ್ಟೇ, ಪ್ರತಿ ಮೂಲೆಯಲ್ಲೂ ಮೂರು ಚೌಕ ಒಂದು ತ್ರಿಕೋನ, ಎಲ್ಲ ಮಾಮೂಲಿನಂತೆ. ಆಗಿನ್ನೂ ಆರು ವರ್ಷದ ಪುಟ್ಟಿ ಕೆಳಗೆ ನಿಂತು ನೋಡಿ, ಅತ್ತೆ, ಹಳದಿ ಮೇಲೆ ಹಳದಿ ಬರಬೇಕು, ಇದರಲ್ಲಿ ಹಳದಿ ಮೇಲೆ ಕೆಂಪು ಬಂದಿದೆ ಅಂದಳು. ಸರಿಯಾದದ್ದರಲ್ಲಿ ಎಂಟು ಚೌಕದ ಪಟ್ಟಿ ಮೂರು ದಿಕ್ಕಿನಲ್ಲಿ ಸುತ್ತುತ್ತದೆ, ತಿರುಗಿದ್ದರಲ್ಲಿ ಒಂದೇ ಒಂದು. ನಾನು ಅರ್ಧ ಬೆಲೆಗೆ ಕೊಟ್ಟು ಕೈತೊಳೆದುಕೊಂಡೆ. ಆಮೇಲೆ ಆ ರಿಪೋರ್ಟಿನಲ್ಲಿ ಓದಿದೆ, ಬ್ರಿಟನ್ನಿನ ಜೆ.ಸಿ.ಪಿ. ಮಿಲ್ಲರ್ ಅನ್ನುವವರೂ 1930ರ ಸುಮಾರಿಗೆ ಮಾದರಿ ಅಂಟಿಸುವಾಗ ಹೀಗೇ ಎಡವಿ ಇದನ್ನೇ ಮಾಡಿದ್ದರಂತೆ. ಅವರ ಎಡವಟ್ಟಿಗೆ ಅವರದೇ ಹೆಸರು ಬಂತು. ನನಗೆ ಅರ್ಧ ಬೆಲೆ ಬಂತು.

ಅಂಟಿಸಿದ್ದೆಲ್ಲ ಪಟ್ಟಿಗೆ ಸೇರುತ್ತದೆ ಅಂತಲೂ ಅಲ್ಲ. ಚೌಕ ತಳದ ಪಿರಮಿಡ್ಡಿನ ಒಂದು ತ್ರಿಕೋನ ಮುಖಕ್ಕೆ ನಾಲ್ಕು ಮುಖದ್ದನ್ನು ಅಂಟಿಸಿ ನೋಡಿ, ಎಲ್ಲ ಬದಿ ಒಂದೇ ಅಳತೆ ಇರಲಿ. ಐದು ಮುಖ, ನಾಲ್ಕು ಮುಖ, ಅಂಟಿದ ಎರಡು ಮುಚ್ಚಿಹೋದವು, ಉಳಿದದ್ದು ಏಳು ಅನ್ನುತ್ತದೆ ಬಾಯಿಲೆಕ್ಕ. ಕೈ ಬೇರೆ ಹೇಳುತ್ತದೆ. ಎರಡು ಕಡೆ ಅಕ್ಕಪಕ್ಕದ ತ್ರಿಕೋನಗಳು ಒಂದೇ ಮಟ್ಟಕ್ಕೆ ಬಂದು, ಬೆರಳಾಡಿಸಿದರೆ ಅಂಚೇ ಸಿಗುವುದಿಲ್ಲ, ಬರ್ಫಿ ತುಂಡಿನ ಆಕಾರವಾಗುತ್ತದೆ. ಮುಖ ಐದೇ. 1980ರಲ್ಲಿ ಅಮೆರಿಕದ ಹೈಸ್ಕೂಲ್ ಮಕ್ಕಳ ದೊಡ್ಡ ಪರೀಕ್ಷೆಯೊಂದರಲ್ಲಿ ಇದೇ ಪ್ರಶ್ನೆ ಬಂದಿತ್ತು. ಪರೀಕ್ಷೆ ಮಾಡುವವರ ಉತ್ತರ ಏಳು. ಫ್ಲಾರಿಡಾದ ಒಬ್ಬ ಹುಡುಗ ಐದು ಅಂತ ಬರೆದ, ತಪ್ಪು ಅಂತ ಬಂತು. ಅವನು ಬಿಡಲಿಲ್ಲ. ಕೊನೆಗೆ ಅವರು ಒಪ್ಪಿಕೊಂಡು ಅಂಕ ತಿದ್ದಿದರು. ಪುಟ್ಟಿಗೆ ಈ ಕಥೆ ಹೇಳಿದ ಮೇಲೇ ಅವಳು ಮುದ್ದೆ ಮುರಿದದ್ದು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮಕ್ಕಳ ಪುಟದಲ್ಲಿ, ಅದೇ ಜಾಗದಲ್ಲಿ, ಎರಡು ಸಾಲು ಹಾಕಿ. ಪ್ರತಿ ಮೂಲೆಯಲ್ಲೂ ಅಷ್ಟೇ ತ್ರಿಕೋನ ಸೇರಬೇಕು ಅಂದರೆ ಉಬ್ಬು ಆಕೃತಿ ಮೂರು, ಆ ಷರತ್ತು ಇಲ್ಲದಿದ್ದರೆ ಎಂಟು. ಇಷ್ಟು ಸಾಕು. ನಮ್ಮ ಊರುಗಳಲ್ಲಿ ಪೇಪರಿನಲ್ಲಿ ಬಂದಿದೆ ಅಂದರೆ ಮೇಷ್ಟರೂ ಒಪ್ಪುತ್ತಾರೆ, ಅದು ನಿಮಗೂ ಗೊತ್ತು. ಪ್ರದರ್ಶನಕ್ಕೆ ನೋಡಲು ಬರುವವರಿಗೆ ಒಂದು ಮಾತು. ಮಾದರಿ ಪಟ್ಟಿಯಲ್ಲಿ ಇಲ್ಲದಿದ್ದರೆ ಇಂಟು ಹಾಕುವ ಮೊದಲು ಮುಖ, ಅಂಚು, ಮೂಲೆ ಎಣಿಸಿ. ಪುಟ್ಟಿಯದರಲ್ಲಿ ಮುಖ 10, ಮೂಲೆ 7, ಅಂಚು 15. ಎಣಿಸಲು ಒಂದು ನಿಮಿಷ ಬೇಡ.

ಪತ್ರ ಉದ್ದವಾಯಿತು, ಗೊತ್ತು. ಕತ್ತರಿಸಲೇಬೇಕು ಅಂದರೆ ಆಕಾಶಬುಟ್ಟಿಯ ಕಥೆ ಕತ್ತರಿಸಿ, ಹದಿನೆಂಟರ ಲೆಕ್ಕ ಮಾತ್ರ ಬಿಡಿ. ತಿದ್ದುಪಡಿ ಬರುವ ದಿನ ಮೊದಲೇ ತಿಳಿಸಿದರೆ ಎರಡು ಪ್ರತಿ ಜಾಸ್ತಿ ತೆಗೆದುಕೊಳ್ಳುತ್ತೇನೆ. ಒಂದು ಪುಟ್ಟಿಗೆ. ಇನ್ನೊಂದನ್ನು ರಟ್ಟಿಗೆ ಅಂಟಿಸಿ ಅವಳ ಶಾಲೆಯ ನೋಟಿಸ್ ಬೋರ್ಡಿಗೆ ಕೊಟ್ಟು ಬರುತ್ತೇನೆ. ಅಂಟಿಗೆ ಮೈಲುತುತ್ತ ಬೆರೆಸಿರುತ್ತೇನೆ, ಹುಳ ಹಿಡಿಯುವುದಿಲ್ಲ.

ಇಂತಿ,
ಬೈಂಡಿಂಗ್ ಅಂಗಡಿಯವಳು, ಪುಟ್ಟಿಯ ಸೋದರತ್ತೆ
ಹಾಸನ